ಸೀರಿಯಲ್ ಬಿಟ್ಟೆ ಅಂದರೆ ಪಕ್ಕದ ಮನೆಯವರಿಗೆ ಯಾಕೆ ಕೋಪ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನವಳು. ವಯಸ್ಸು 46. ಮನೆಯಲ್ಲಿ ನಾನು, ಯಜಮಾನರು, ಅತ್ತೆ ಮೂರೇ ಜನ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ರಾತ್ರಿ ಎಂಟೂವರೆಗೆ ಬರುವ ಒಂದು ಸೀರಿಯಲ್ಲನ್ನು ಅತ್ತೆಯ ಜೊತೆ ಮೂರು ವರ್ಷದಿಂದ ಒಂದು ದಿನವೂ ಬಿಡದೆ ನೋಡುತ್ತಿದ್ದೆ. ನಾಯಕಿಗೆ ನೆನಪು ಹೋಯಿತು ನೋಡಿ, ಅಲ್ಲಿಗೆ ನನಗೆ ಸಾಕಾಯಿತು. ಬಿಟ್ಟೆ. ಆದರೂ ಎಂಟೂವರೆಯಾದರೆ ಕಿವಿ ಆ ಕಡೆಗೇ ಹೋಗುತ್ತದೆ. ಹೋದ ತಿಂಗಳು ನಮ್ಮ ಸಂಘದ ಮೀಟಿಂಗಿನಲ್ಲಿ ಅದರ ಮಾತು ಬಂತು. "ಅದನ್ನ ಇನ್ನೂ ನೋಡ್ತಾ ಇದ್ದೀರಾ? ತಲೆ ಇರೋರು ನೋಡ್ತಾರಾ?" ಅಂದುಬಿಟ್ಟೆ. ಅವತ್ತಿನಿಂದ ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ. ವಿಷಯ ಕಿವಿಗೆ ಬಿದ್ದು ಅತ್ತೆಯದೂ ಮುಖ ಸಪ್ಪಗಾಗಿದೆ. ಅತ್ತ ಮಗಳು ಮೊಬೈಲಿಗೆ ಹಾಕಿಕೊಟ್ಟ ಎಂಟು ಕಂತಿನ ವೆಬ್ ಸೀರೀಸನ್ನು ಎರಡೇ ಕಂತಿಗೆ ನಿಲ್ಲಿಸಿದೆ. "ಪೂರ್ತಿ ನೋಡದೆ ಚೆನ್ನಾಗಿಲ್ಲ ಅನ್ನಬಾರದು" ಅನ್ನುತ್ತಾಳೆ ಅವಳು. ಅರ್ಧ ನೋಡಿದವರು ಅಭಿಪ್ರಾಯ ಹೇಳಬಾರದಾ? ಯಾವಾಗ ಬಿಡಬೇಕು, ಬಿಟ್ಟದ್ದನ್ನು ಹೇಗೆ ಹೇಳಬೇಕು? ಹಾಗೇ ಇನ್ನೊಂದು ಸಣ್ಣ ಪ್ರಶ್ನೆ: ನಾಯಕಿಗೆ ನೆನಪು ವಾಪಸ್ ಬರುತ್ತದಾ?

ಉತ್ತರ: ಮೊದಲು ನನ್ನ ಕಡೆಯಿಂದ ಒಂದು ತಪ್ಪೊಪ್ಪಿಗೆ. ಬೆಂಗಳೂರಿನಲ್ಲಿ ಹದಿನಾಲ್ಕು ವರ್ಷ ಸೀರಿಯಲ್ಲುಗಳಿಗೆ ಸಂಭಾಷಣೆ ಬರೆದು, ಈಗ ಹಾಸನಕ್ಕೆ ಬಂದು ಕೂತವನು ನಾನು. ಆ ಹದಿನಾಲ್ಕು ವರ್ಷದಲ್ಲಿ ಎರಡು ಸಲ ನಾಯಕಿಯ ನೆನಪು ಕಳೆದಿದ್ದೇನೆ. ಒಮ್ಮೆ ಮೆಟ್ಟಿಲಿನಿಂದ ಬೀಳಿಸಿ, ಇನ್ನೊಮ್ಮೆ ಕಾರಿಗೆ ಗುದ್ದಿಸಿ. ಹಾಗಾಗಿ ನಿಮ್ಮ ಸಿಟ್ಟಿನಲ್ಲಿ ನನಗೂ ಒಂದು ಪಾಲು ಬರಬೇಕು.

ಸಂಘದಲ್ಲಿ ಆದ ಜಗಳದಿಂದಲೇ ಶುರು ಮಾಡೋಣ. ನೀವು ಆಡಿದ ಮಾತನ್ನು ಇನ್ನೊಂದು ಸಲ ಓದಿ ನೋಡಿ. ಅದರಲ್ಲಿ ಸೀರಿಯಲ್ ಬಗ್ಗೆ ಒಂದೇ ಒಂದು ವಿಷಯವೂ ಇಲ್ಲ. ಕಥೆ ಎಲ್ಲಿ ಕೆಟ್ಟಿತು, ಯಾರ ಪಾತ್ರ ಹಳ್ಳ ಹಿಡಿಯಿತು, ಏನೂ ಇಲ್ಲ. ಇರುವುದು ಪಕ್ಕದ ಮನೆಯವರ ತಲೆಯ ಬಗ್ಗೆ. ಅವರು ಮಾತು ಬಿಟ್ಟರು ಅಂದರೆ ನೀವು ಹೇಳಿದ್ದನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಾರೆ.

ನನಗೆ ಗೊತ್ತು, ಎಲ್ಲರೂ ಹೀಗೇ ಮಾತಾಡುತ್ತೇವೆ. ಸಿನಿಮಾ ಚೆನ್ನಾಗಿಲ್ಲ ಅಂದರೆ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಎರಡೂವರೆ ಗಂಟೆಯ ಮಾತು, ಹೋಯಿತು. ಸೀರಿಯಲ್ ಹಾಗಲ್ಲ. ಅದು ದಿನಾ ಅದೇ ಹೊತ್ತಿಗೆ ಮನೆಯೊಳಗೆ ಬರುತ್ತದೆ. ಬರುವ ಮುಖಗಳೂ ಅವೇ. 1956ರಲ್ಲೇ ಅಮೆರಿಕದಲ್ಲಿ ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ಈ ವಿಷಯದ ಮೇಲೆ ಲೇಖನ ಬರೆದರು. ರೇಡಿಯೊ, ಟಿವಿಯ ಮುಖಗಳ ಜೊತೆ ಜನ ಸ್ನೇಹಿತರ ಹಾಗೆ ಸಂಬಂಧ ಕಟ್ಟಿಕೊಳ್ಳುತ್ತಾರೆ, ಆ ಕಡೆಯವರಿಗೆ ಅದು ಗೊತ್ತೇ ಇರುವುದಿಲ್ಲ ಅನ್ನುವುದು ಅವರು ಹೇಳಿದ ಮಾತು. ನಮ್ಮ ದೇಶದಲ್ಲಿ ಅದು ಕಣ್ಣಿಗೆ ಕಂಡದ್ದು 1984ರಲ್ಲಿ. ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾಯಿತು. ಪ್ರತಿ ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಬಂದು ಕಥೆಯ ಬಗ್ಗೆ ನಾಲ್ಕು ಮಾತಾಡಿ, ನಿಮಗೇನನಿಸಿತು ಬರೆಯಿರಿ ಅನ್ನುತ್ತಿದ್ದರು. ಹದಿನೇಳು ತಿಂಗಳಲ್ಲಿ ಸುಮಾರು 4 ಲಕ್ಷ ಪತ್ರ ಬಂದವು. ಆ ಹುಡುಗಿಗೆ ಮದುವೆ ಮಾಡಿಸಿ, ಈ ಗಂಡಸಿಗೆ ಬುದ್ಧಿ ಹೇಳಿ ಅಂತ, ಸ್ವಂತ ನೆಂಟರ ಬಗ್ಗೆ ಬರೆದ ಹಾಗೆ.

ಹಾಸನದವರಿಗೆ ಇದರಲ್ಲಿ ಇನ್ನೊಂದು ಹೆಮ್ಮೆ ಉಂಟು, ಸುಮ್ನೆ ಹೇಳಿಬಿಡುತ್ತೇನೆ. ಅಷ್ಟು ಊರುಗಳಿಗೆ ಒಟ್ಟಿಗೆ ಟಿವಿ ಮುಟ್ಟಿದ್ದು 1983ರಲ್ಲಿ ಮೇಲೆ ಹೋದ ಇನ್ಸಾಟ್ 1ಬಿ ಉಪಗ್ರಹದಿಂದ. ಅದನ್ನು ನಡೆಸಿದ್ದು ನಮ್ಮ ಸಾಲಗಾಮೆ ರಸ್ತೆಯ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ. ಇಡೀ ದೇಶ ಸೀರಿಯಲ್ ನೋಡಿ ಅತ್ತಿದ್ದರಲ್ಲಿ ನಮ್ಮೂರಿನ ಪಾಲೂ ಇದೆ.

ಸರಿ, ವಿಷಯಕ್ಕೆ ಬರುತ್ತೇನೆ. ನಾನು ಬರೆಯುತ್ತಿದ್ದ ಒಂದು ಸೀರಿಯಲ್ 2020ರ ಲಾಕ್‌ಡೌನಿನಲ್ಲಿ ನಿಂತಿತು. ಮಾರ್ಚಿನಲ್ಲಿ ಎಲ್ಲರ ಶೂಟಿಂಗೂ ನಿಂತಿತ್ತು. ಜೂನ್ ಹೊತ್ತಿಗೆ ಬೇರೆಯವು ಮತ್ತೆ ಶುರುವಾದವು. ನಮ್ಮದು ಆಗಲೇ ಇಲ್ಲ. ಕಥೆ ಅರ್ಧದಲ್ಲಿ, ನಾಯಕಿಯ ತಂಗಿ ಪೊಲೀಸ್ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಅಲ್ಲಿಗೇ ಮುಗಿಯಿತು. ಎರಡು ವರ್ಷ ಕಳೆದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಅರಕಲಗೂಡು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿದ್ದ ಅಜ್ಜಿಗೆ ನನ್ನ ಜೊತೆಗಿದ್ದವರು ಸುಮ್ಮನಿರಲಾರದೆ ನನ್ನ ಕೆಲಸ ಏನೆಂದು ಹೇಳಿಬಿಟ್ಟರು. ಅಜ್ಜಿ ನನ್ನ ಕೈ ಹಿಡಿದುಕೊಂಡು ಕೇಳಿದ್ದು ಒಂದೇ: "ಆ ಮಗೀನ ಸ್ಟೇಷನ್ನಿಂದ ಬಿಡಿಸ್ಕೊಂಡ್ ಬಂದ್ರಾ ಇಲ್ವಾ?" ಎರಡು ವರ್ಷದಿಂದ ಆ ಹುಡುಗಿ ಅಜ್ಜಿಯ ಮನಸ್ಸಿನಲ್ಲಿ ಅದೇ ಬೆಂಚಿನ ಮೇಲೆ ಕೂತಿದ್ದಳು. ಬಿಡಿಸಿಕೊಂಡು ಬಂದೆವು ಅಜ್ಜಿ, ಅಂದೆ. ಸುಳ್ಳು. ಬೇರೆ ಏನು ಹೇಳಲಿ?

ಹೀಗೆ ಹಚ್ಚಿಕೊಂಡವರ ಮುಂದೆ "ತಲೆ ಇರೋರು ನೋಡ್ತಾರಾ" ಅಂದರೆ ನೆಂಟರನ್ನು ಬೈದ ಹಾಗೇ ಆಗುತ್ತದೆ.

ಈಗ ನಿಮ್ಮ ಅತ್ತೆಯ ವಿಷಯ. ಇದರಲ್ಲಿ ಒಂದು ಕಸುಬಿನ ಗುಟ್ಟು ಇದೆ. ನಿಮ್ಮ ಪತ್ರದಲ್ಲಿ ನೀವು ಬರೆಯದೇ ಹೋದ ಒಂದು ವಿವರ ನಾನೇ ಊಹಿಸುತ್ತೇನೆ. ನೀವು ಎಂಟೂವರೆಗೆ ಅಡುಗೆಮನೆ ಮುಗಿಸಿ, ಕೈ ಒರೆಸಿಕೊಂಡು ಬಂದು, ಸೋಫಾದ ಮೇಲೆ ಕೂತು ನೋಡುತ್ತೀರಿ. ಅತ್ತೆ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ, ಇಲ್ಲವೇ ಬತ್ತಿ ಹೊಸೆಯುತ್ತಾ, ಮಧ್ಯೆ ಮಧ್ಯೆ ತಲೆ ಎತ್ತುತ್ತಾರೆ. ಹೌದಾ?

ಸೀರಿಯಲ್ ಬರೆಯುವುದೇ ಅತ್ತೆಯ ಹಾಗೆ ನೋಡುವವರಿಗೆ. ನನಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ಇದು: ನೋಡುವವರ ಕಣ್ಣು ಸಾಂಬಾರಿನ ಮೇಲಿರುತ್ತದೆ, ಕಿವಿಗೆ ಬರೆಯಿರಿ. ಅದಕ್ಕೇ ಬಾಗಿಲು ತೆರೆದು ಅತ್ತಿಗೆ ಒಳಗೆ ಬಂದರೆ ಯಾರಾದರೂ "ಅತ್ತಿಗೆ! ನೀವಾ? ಇಷ್ಟು ಹೊತ್ತಲ್ಲಿ ಇಲ್ಲಿ?" ಅನ್ನಲೇಬೇಕು. ಕಣ್ಣಿಗೆ ಕಾಣುವುದನ್ನೇ ಬಾಯಲ್ಲೂ ಹೇಳಿಸಬೇಕು. ಮುಖ್ಯ ವಿಷಯವನ್ನು ಮೂರು ಸಲ ಹೇಳಿಸಬೇಕು, ಕುಕ್ಕರ್ ಕೂಗಿದಾಗ ಒಂದು ಸಲ ತಪ್ಪಿದರೂ ಇನ್ನೊಂದು ಸಲ ಸಿಗಲಿ ಅಂತ. ಅವರೆಕಾಯಿ ಸುಲಿಯುತ್ತಾ ಕೇಳುವವರಿಗೆ ಅದು ಹದವಾಗಿರುತ್ತದೆ. ಕಣ್ಣು ಬಿಟ್ಟುಕೊಂಡು ಕೂತು ನೋಡುವವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಒಂದೇ ಟಿವಿಯಲ್ಲಿ ನೀವಿಬ್ಬರೂ ಬೇರೆ ಬೇರೆ ಸೀರಿಯಲ್ ನೋಡುತ್ತಿದ್ದೀರಿ ಅಂದುಕೊಳ್ಳಿ. ಅವರಿಗೆ ಬೇಸರ ಆಗದೇ ಇದ್ದದ್ದಕ್ಕೂ ತಲೆಗೂ ಸಂಬಂಧವೇ ಇಲ್ಲ.

ಎಳೆಯುತ್ತಾರೆ ಅನ್ನುವ ದೂರು ಸುಳ್ಳೆಂದು ನಾನು ಹೇಳುತ್ತಿಲ್ಲ. ಎಳೆಯುತ್ತೇವೆ. ಹೇಗೆ ಎಳೆಯುತ್ತೇವೆ ಅಂತ ಗೊತ್ತಾದರೆ ನಿಮ್ಮ ಅಭಿಪ್ರಾಯಕ್ಕೆ ಸ್ವಲ್ಪ ಹರಿತ ಬರುತ್ತದೆ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಅರ್ಧ ಗಂಟೆಯ ಸ್ಲಾಟಿನಲ್ಲಿ ಜಾಹೀರಾತು ಕಳೆದು ನಮಗೆ ಸಿಗುತ್ತಿದ್ದುದು ಸುಮಾರು 22 ನಿಮಿಷ. ಅದರಲ್ಲಿ ನಿನ್ನೆಯ ಕಥೆಯ ತುಣುಕು, ಟೈಟಲ್, ನಾಳೆಯ ತುಣುಕು ಹೋಗುತ್ತದೆ. ಮನೆಯ ಹಾಲ್‌ನಲ್ಲಿ ಎಂಟು ಜನ ನಿಂತಿದ್ದಾರೆ, ನಾಯಕ ಒಂದು ಮಾತು ಹೇಳಿದ ಅನ್ನಿ. ಎಂಟೂ ಮುಖಕ್ಕೆ ಕ್ಯಾಮೆರಾ ಹೋಗಬೇಕು. ಒಂದೊಂದಕ್ಕೆ ಮೂರು ಮೂರು ಸಲ, ಎರಡೆರಡು ಸೆಕೆಂಡ್. 48 ಸೆಕೆಂಡ್ ಹೋಯಿತು, ಡಿಶುಂ ಡಿಶುಂ ಸೌಂಡಿನ ಸಮೇತ. ವಾರಕ್ಕೆ ಆರು ದಿನ ಕಂತು ಬೇಕು. ನಾವು ಬ್ಯಾಂಕ್ ಅನ್ನುತ್ತೇವೆ, ಅಂದರೆ ಮುಂಚಿತವಾಗಿ ತೆಗೆದಿಟ್ಟ ಕಂತುಗಳು. ಬ್ಯಾಂಕ್ ಖಾಲಿಯಾದ ವಾರ ಬೆಳಿಗ್ಗೆ ತೆಗೆದದ್ದು ರಾತ್ರಿ ಪ್ರಸಾರ ಆಗುತ್ತದೆ. ಅಂಥ ವಾರ ಯಾರೂ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಎಲ್ಲ ಕಥೆಯೂ ಹಾಲ್, ಮೆಟ್ಟಿಲು, ಅಡುಗೆಮನೆಯಲ್ಲೇ ನಡೆಯುತ್ತದೆ. ನಟಿಗೆ ಸ್ವಂತ ತಂಗಿಯ ಮದುವೆ, ನಾಲ್ಕು ದಿನ ರಜೆ ಬೇಕು ಅಂದರೆ ಅವಳ ಪಾತ್ರ ತವರಿಗೆ ಹೋಗುತ್ತದೆ. ರಜೆ ಜಾಸ್ತಿ ಬೇಕಾದರೆ ಕೋಮಾ.

ಎಲ್ಲಕ್ಕಿಂತ ದೊಡ್ಡ ಕಾರಣ ಗುರುವಾರ. ಬಾರ್ಕ್ ಎನ್ನುವ ಸಂಸ್ಥೆ ಟಿಆರ್‌ಪಿ ಲೆಕ್ಕ ಬಿಡುಗಡೆ ಮಾಡುವುದು ಗುರುವಾರ. ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ ಅವರ ಮೀಟರ್ ಇದೆ. ಚಾನೆಲ್ಲಿನ ಸೌಂಡಿನೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಟಿವಿ ಮುಂದೆ ಯಾರಿದ್ದಾರೆ ಅನ್ನುವುದಕ್ಕೆ ಮನೆಯ ಒಬ್ಬೊಬ್ಬರಿಗೂ ರಿಮೋಟಿನಲ್ಲಿ ಒಂದು ಬಟನ್. ಅಷ್ಟೇ. ನೀವು ಬೈಯುತ್ತಾ ನೋಡುತ್ತೀರೋ ಅಳುತ್ತಾ ನೋಡುತ್ತೀರೋ, ಆ ಮೀಟರಿಗೆ ಕೇಳಿಸುವುದಿಲ್ಲ. "ಥೂ, ಎಂಥಾ ದರಿದ್ರ ಕಥೆ" ಅನ್ನುತ್ತಲೇ ಪೂರ್ತಿ ನೋಡಿದವರೂ ಮೆಚ್ಚಿ ನೋಡಿದವರ ಲೆಕ್ಕಕ್ಕೇ ಸೇರುತ್ತಾರೆ. ಅತ್ತೆ ಸೊಸೆ ಜಗಳದ ವಾರ ನಂಬರ್ ಏರಿತು ಅಂದರೆ ಮುಂದಿನ ನಾಲ್ಕು ವಾರ ಜಗಳವೇ. ನನಗೆ ಒಂದು ಗುರುವಾರ ಫೋನ್ ಬಂದಿತ್ತು. ಸೋಮವಾರ ಸಾಯಬೇಕಿದ್ದ ಖಳನಾಯಕಿಯನ್ನು ಸಾಯಿಸಬೇಡಿ ಅಂತ. ಆ ಯಮ್ಮ ಇನ್ನೂ ಹದಿಮೂರು ತಿಂಗಳು ಬದುಕಿದಳು.

ಇನ್ನು ನೆನಪು ಹೋಗುವುದು ಯಾಕೆ? ನಾಯಕ ನಾಯಕಿ ಒಂದಾದ ಮೇಲೆ ಬರೆಯಲು ಏನೂ ಉಳಿಯುವುದಿಲ್ಲ. ನೆನಪು ಕಳೆದುಬಿಟ್ಟರೆ ಅದೇ ಪ್ರೀತಿಯನ್ನು ಮೊದಲಿನಿಂದ ಇನ್ನೊಂದು ಸಲ ಬರೆಯಬಹುದು. ನೋಡುವವರಿಗೆ ಎಲ್ಲ ಗೊತ್ತು, ಅವಳಿಗೊಬ್ಬಳಿಗೆ ಗೊತ್ತಿಲ್ಲ. ಅದರಲ್ಲಿ ಒಂದು ಚಡಪಡಿಕೆ ಇರುತ್ತದೆ. ಮೊದಲ ಎರಡು ವಾರ ನಿಜಕ್ಕೂ ಚೆನ್ನಾಗಿ ಓಡುತ್ತದೆ. ಆಮೇಲೆ ಬರೆಯುವವನಿಗೇ ಮುಂದೇನು ಅಂತ ತಿಳಿಯುವುದಿಲ್ಲ.

ಯಾವಾಗ ಬಿಡಬೇಕು ಅಂತ ಕೇಳಿದ್ದೀರಿ. ನಿಮ್ಮ ತಾಲ್ಲೂಕಿನವರಿಗೆ ನಾನು ಪಾಠ ಹೇಳಬೇಕಾಗಿಲ್ಲ, ಮಳೆಗಾಲವೇ ಹೇಳಿಕೊಡುತ್ತದೆ. ಜೂನ್, ಜುಲೈನಲ್ಲಿ ನಿಮ್ಮ ಕಡೆ ಏನಾಗುತ್ತದೆ? ಮರ ಬಿದ್ದು ಲೈನ್ ಹರಿಯುತ್ತದೆ. ವಾರಗಟ್ಟಲೆ ಕರೆಂಟ್ ಇರುವುದಿಲ್ಲ. ಕರೆಂಟ್ ಇದ್ದರೂ ಮಳೆ ಜೋರಾದರೆ ಡಿಶ್ ಸಿಗ್ನಲ್ ಹೋಗುತ್ತದೆ. 36 ಸಾವಿರ ಕಿಲೋಮೀಟರ್ ಮೇಲಿಂದ ನೆಟ್ಟಗೆ ಬಂದ ಸಿಗ್ನಲ್ ಕೊನೆಯ ನಾಲ್ಕೈದು ಕಿಲೋಮೀಟರ್ ಮಳೆ ದಾಟುವಾಗ ಸೋಲುತ್ತದೆ. ಡಿಶ್‌ಗೆ ಬಳಸುವ ಅಲೆಗಳನ್ನು ಮಳೆಹನಿ ಹೀರಿಕೊಂಡುಬಿಡುತ್ತದೆ.

ಹೀಗೆ ಹತ್ತು ದಿನ ತಪ್ಪಿದ ಮೇಲೆ ಟಿವಿ ಮತ್ತೆ ಬಂತು ಅನ್ನಿ. ಯಾರನ್ನೂ ಏನೂ ಕೇಳದೆ ಕಥೆ ನಿಮಗೆ ಅರ್ಥವಾಯಿತಾ? ಹಾಗಾದರೆ ಆ ಹತ್ತು ದಿನದಲ್ಲಿ ಕಥೆ ನಡೆದೇ ಇಲ್ಲ. "ಇವನ್ಯಾರು, ಇವಳು ಯಾಕೆ ಅಳ್ತಿದ್ದಾಳೆ" ಅಂತ ಅತ್ತೆಯನ್ನು ಕೇಳಬೇಕಾಯಿತಾ? ಹಾಗಾದರೆ ಇನ್ನೂ ಜೀವ ಇದೆ, ನೋಡಿ. ಇನ್ನೊಂದನ್ನೂ ಗಮನಿಸಿ. ಆ ಹತ್ತು ದಿನ ಕತ್ತಲಲ್ಲಿ ಕೂತಾಗ ಆ ಪಾತ್ರಗಳು ನೆನಪಾದವಾ? ನಾನು ಇದನ್ನು ಮಳೆಗಾಲದ ಪರೀಕ್ಷೆ ಅನ್ನುತ್ತೇನೆ. ಬೇಸಿಗೆಯಲ್ಲಿ ಬೇಕಾದವರು ಹತ್ತು ದಿನ ನೆಂಟರ ಮನೆಗೆ ಹೋಗಿ ಬರಬಹುದು, ಅಲ್ಲಿ ಅದೇ ಸೀರಿಯಲ್ ಹಾಕಿರದಿದ್ದರೆ.

ಆದರೂ ಬಿಡಲು ಕಷ್ಟ ಯಾಕೆ ಅನ್ನುವುದಕ್ಕೆ ಲೆಕ್ಕ ನೋಡಿ. ವಾರಕ್ಕೆ ಆರು ಕಂತು, ವರ್ಷಕ್ಕೆ 52 ವಾರ, ಮೂರು ವರ್ಷ. 936 ಕಂತು. ಅರ್ಧರ್ಧ ಗಂಟೆ ಹಿಡಿದರೆ 468 ಗಂಟೆ. ಹಗಲೂ ರಾತ್ರಿ ಕೂತು ನೋಡಿದರೂ ಹತ್ತೊಂಬತ್ತೂವರೆ ದಿನ ಬೇಕು. ಇಷ್ಟು ಹಾಕಿದ ಮೇಲೆ ಕೊನೆ ನೋಡದೆ ಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ ಅನಿಸುತ್ತದೆ. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಅಮೆರಿಕದ ಒಂದು ವಿಶ್ವವಿದ್ಯಾಲಯದ ನಾಟಕಶಾಲೆಯಲ್ಲಿ ಇದನ್ನು ಪರೀಕ್ಷಿಸಿದರು. ಇಡೀ ವರ್ಷದ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಯಾರಿಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಮೊದಲ ಆರು ತಿಂಗಳು ಪೂರ್ತಿ ದುಡ್ಡು ಕೊಟ್ಟವರೇ ಜಾಸ್ತಿ ನಾಟಕ ನೋಡಿದರು. ನಾಟಕ ಎಲ್ಲರಿಗೂ ಒಂದೇ ಆಗಿತ್ತು. ಕೊಟ್ಟ ದುಡ್ಡು ಅವರನ್ನು ಕುರ್ಚಿಗೆ ಎಳೆಯುತ್ತಿತ್ತು.

ನಿಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ, ತೋಟ ಇರುವ ಯಾರನ್ನಾದರೂ ಕೇಳಿ. ಅರೇಬಿಕಾ ಗಿಡಕ್ಕೆ ಕಾಂಡಕೊರಕ ಹೊಕ್ಕರೆ ಕಿತ್ತು ಸುಡಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಕೈ ಬರುವುದಿಲ್ಲ. ಇಷ್ಟು ವರ್ಷ ಸಾಕಿದ ಗಿಡ, ಈ ಸಲವೂ ನಾಲ್ಕು ಹಣ್ಣು ಬಿಡುತ್ತದೇನೋ ಅಂತ ಗೊಬ್ಬರ ಹಾಕುತ್ತಾ ಇರುತ್ತಾರೆ. ಹುಳು ಅಷ್ಟರಲ್ಲಿ ಪಕ್ಕದ ಗಿಡಕ್ಕೆ ಹೋಗಿರುತ್ತದೆ.

ಸೀರಿಯಲ್ಲಿಗೆ ಇನ್ನೊಂದು ಬಲೆ ಇದೆ, ಕೊನೆಯ ದೃಶ್ಯ. ನಾವು ಫ್ರೀಜ್ ಅನ್ನುತ್ತೇವೆ. ಕಂತು ಬರೆಯುವಾಗ ಮೊದಲು ಬರೆಯುವುದೇ ಅದನ್ನು. ಬಾಗಿಲು ತಟ್ಟಿದ ಸದ್ದು, ನಾಯಕಿ ತಿರುಗಿದಳು, ಮುಖ ನಿಂತಿತು. ನಾಳೆ ಬಾಗಿಲು ತೆರೆದರೆ ಹಾಲಿನವನು. ಅರ್ಧಕ್ಕೆ ನಿಂತದ್ದನ್ನು ಮನಸ್ಸು ಬಿಡುವುದಿಲ್ಲ. ನಿಮ್ಮ ಕಿವಿ ಎಂಟೂವರೆಗೆ ಆ ಕಡೆ ಹೋಗುವುದಕ್ಕೆ ಒಂದು ಕಾರಣ ಇದೇ. ಉಪಾಯ ಸುಲಭ: ಬಿಡುವುದಾದರೆ ಕಂತಿನ ಕೊನೆಗೆ ಬಿಡಬೇಡಿ. ನಡುವೆ, ಜಾಹೀರಾತು ಬಂದಾಗ ಎದ್ದು ಹೋಗಿ. ಒಂದು ವಾರ ಹೀಗೆ ಮಾಡಿದರೆ ಎಳೆತ ಕಡಿಮೆಯಾಗುತ್ತದೆ. ನಾನೇ ಹೀಗೆ ಎರಡು ಸೀರಿಯಲ್ ಬಿಟ್ಟಿದ್ದೇನೆ. ಅದರಲ್ಲಿ ಒಂದು ನಾನು ಬರೆದದ್ದು.

ಹೊಸ ಸೀರಿಯಲ್ ಹಿಡಿಯುವಾಗ ಒಂದು ಮಾತು. ಮೊದಲ ವಾರ ನೋಡಿ ಅಭಿಪ್ರಾಯ ಹೇಳಬೇಡಿ. ಅದು ಹೆಣ್ಣು ನೋಡಲು ಬಂದ ದಿನದ ಉಪ್ಪಿಟ್ಟು, ಕೇಸರಿಬಾತು. ಡ್ರೋನ್ ಶಾಟ್, ಕಾಫಿ ತೋಟ, ಮುಳ್ಳಯ್ಯನಗಿರಿಯ ಮಂಜು, ಎಲ್ಲ ಖರ್ಚೂ ಅಲ್ಲೇ. ಮೂರನೇ ವಾರ ಮನೆಯೊಳಗೆ ಬಂದು ಕೂತ ಮೇಲೆ ಮಾತು ಹೇಗಿದೆ ನೋಡಿ. ನಿಜವಾದ ಅಡುಗೆ ಅಲ್ಲಿ ಗೊತ್ತಾಗುತ್ತದೆ.

ಅರ್ಧ ನೋಡಿದವರು ಅಭಿಪ್ರಾಯ ಹೇಳಬಹುದಾ? ಧಾರಾಳವಾಗಿ. ಮಗಳ ವಾದವನ್ನು ನಾನು ಒಪ್ಪುವುದಿಲ್ಲ. ಅನ್ನ ಬೆಂದಿದೆಯಾ ನೋಡಲು ಇಡೀ ಪಾತ್ರೆ ಉಣ್ಣಬೇಕಾಗಿಲ್ಲ. ಎಂಟು ಕಂತಿನಲ್ಲಿ ಎರಡು ಅಂದರೆ ಕಾಲು ಭಾಗ. ಒಂದೊಂದು ಮುಕ್ಕಾಲು ಗಂಟೆ ಹಿಡಿದರೂ ಇಡೀ ಸೀರೀಸ್ ಆರು ಗಂಟೆ. ಅದರಲ್ಲಿ ಒಂದೂವರೆ ಗಂಟೆ ಕೊಟ್ಟಿದ್ದೀರಿ. "ಐದನೇ ಕಂತಿನಿಂದ ಚೆನ್ನಾಗಿದೆ" ಅಂದರೆ ಮೊದಲ ನಾಲ್ಕು ಚೆನ್ನಾಗಿಲ್ಲ ಅಂತ ಅವರೇ ಒಪ್ಪಿದ ಹಾಗೆ ಆಯಿತಲ್ವಾ?

ಆದರೆ ಅರ್ಧ ನೋಡಿದವರು ಅರ್ಧದ ಬಗ್ಗೆ ಮಾತ್ರ ಹೇಳಬಹುದು. ನಿಮ್ಮ ಪತ್ರದಲ್ಲಿ ನನಗೆ ಕಂಡ ಕೊರತೆ ಇದೊಂದೇ. ನೀವು ಎಲ್ಲಿಯವರೆಗೆ ನೋಡಿದಿರಿ ಅನ್ನುವುದನ್ನು ಸಂಘದಲ್ಲಿ ಹೇಳಲೇ ಇಲ್ಲ. ಮೊದಲು ಅದನ್ನು ಹೇಳಿ, ಆಮೇಲೆ ಉಳಿದದ್ದು. "ನೆನಪು ಹೋಗೋವರೆಗೆ ನೋಡಿದೆ. ಅಲ್ಲಿವರೆಗೆ ಅವಳು ಅಪ್ಪನ ಸಾಲ ತೀರಿಸೋದು ಚೆನ್ನಾಗಿತ್ತು. ಆಮೇಲೆ ನನಗೆ ಹಿಡಿಸಲಿಲ್ಲ." ನೋಡಿ, ಇದರಲ್ಲಿ ಮೂರು ವಿಷಯ ಇವೆ. ಇದಕ್ಕೆ ಎದುರು ಮಾತಾಡಬಹುದು. "ಅಯ್ಯೋ, ಅಲ್ಲಿಂದ ಮುಂದೇನೇ ಕಣ್ರೀ ಚೆನ್ನಾಗಿರೋದು" ಅನ್ನಬಹುದು. "ನನಗೂ ಅಲ್ಲೇ ಬೇಜಾರಾಯ್ತು, ಆದರೆ ಅಜ್ಜಿ ಪಾತ್ರಕ್ಕೆ ನೋಡ್ತೀನಿ" ಅನ್ನಬಹುದು. ಮಾತು ಬೆಳೆಯುತ್ತದೆ. "ತಲೆ ಇರೋರು ನೋಡ್ತಾರಾ" ಅನ್ನುವುದಕ್ಕೆ ಯಾರು ಏನು ಉತ್ತರ ಕೊಡಲಿ? ಇದೆ ಅನ್ನಬೇಕಾ, ಇಲ್ಲ ಅನ್ನಬೇಕಾ?

ಬಿಟ್ಟ ಕಾರಣ ದೊಡ್ಡದಾಗಿರಬೇಕು ಅಂತಲೂ ಇಲ್ಲ. 'ಜೊತೆ ಜೊತೆಯಲಿ'ಯಲ್ಲಿ 2022ರಲ್ಲಿ ನಾಯಕನ ಪಾತ್ರಧಾರಿ ಬದಲಾದಾಗ ನಮ್ಮ ಮನೆಯಲ್ಲೇ ಎರಡು ಪಕ್ಷ ಆಯಿತು. ಸೀರಿಯಲ್ ಅದೇ, ಮುಖ ಬೇರೆ. ನನ್ನ ಅಕ್ಕ ಅವತ್ತೇ ಬಿಟ್ಟಳು. "ನನಗೆ ಆ ಮುಖ ಬೇಕಿತ್ತು" ಅಂದಳು. ವಿಮರ್ಶಕರು ನಗಬಹುದು. ನನಗೆ ಅದು ಸರಿಯಾದ ಕಾರಣವಾಗಿಯೇ ಕಾಣುತ್ತದೆ. ಅದು ಅವಳ ಕಾರಣ, ಅವಳು ಅದನ್ನು ಯಾರ ಮೇಲೂ ಹೇರಲಿಲ್ಲ. ವೆಬ್ ಸೀರೀಸ್ ಬಗ್ಗೆ ಮಗಳಿಗೂ ಹೀಗೇ ಹೇಳಿ. ತುಂಬಾ ಕತ್ತಲೆ, ಯಾರು ಯಾರೆಂದು ತಿಳಿಯಲಿಲ್ಲ, ಮೊಬೈಲಿನಲ್ಲಿ ಕೆಳಗೆ ಬರುವ ಅಕ್ಷರ ಓದಿ ಕಣ್ಣು ನೋಯಿತು, ಏನಾಗಿತ್ತೋ ಅದನ್ನು. ಅವಳು ಇಷ್ಟಪಟ್ಟು ಕಳಿಸಿದ್ದಾಳೆ. ಅವಳಿಗೆ ಬೇಕಿರುವುದು ಕಥೆಯ ತೀರ್ಪಲ್ಲ, ಅಮ್ಮ ಅದರ ಬಗ್ಗೆ ತನ್ನ ಜೊತೆ ಹತ್ತು ನಿಮಿಷ ಮಾತಾಡಲಿ ಅಂತ. ಕೊಲೆ ಮಾಡಿದ್ದು ಯಾರು ಅಂತ ಅವಳನ್ನೇ ಕೇಳಿ ತಿಳಿದುಕೊಳ್ಳಿ ಬೇಕಾದರೆ. ಕೊನೆ ಗೊತ್ತಾದರೆ ಕಥೆ ಕೆಡುತ್ತದೆ ಅನ್ನುವುದು ನಾವು ಅಂದುಕೊಂಡಷ್ಟು ನಿಜವಲ್ಲ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಣ್ಣಕಥೆ ಓದಿಸಿ ನೋಡಿದಾಗ, ಕೊನೆ ಮೊದಲೇ ಗೊತ್ತಿದ್ದವರೇ ಸ್ವಲ್ಪ ಜಾಸ್ತಿ ಮೆಚ್ಚಿದ್ದರು. ರಾಮಾಯಣ ಕೇಳುವ ನಮಗೆ ಇದು ಹೊಸದೇನಲ್ಲ. ಆದರೆ ಬೇರೆಯವರು ಕೇಳದೆ ನೀವಾಗಿ ಹೇಳಬೇಡಿ, ಅದು ಬೇರೆ ವಿಷಯ.

ಅತ್ತೆಗೆ ಏನು ಮಾಡುವುದು? ಅವರಿಗೆ ಬೇಜಾರಾಗಿರುವುದು ನೀವು ಸೀರಿಯಲ್ ಬಿಟ್ಟದ್ದಕ್ಕೆ ಅಂತ ನನಗೆ ಅನಿಸುವುದಿಲ್ಲ. ಮೂರು ವರ್ಷ ಎಂಟೂವರೆಯಿಂದ ಒಂಬತ್ತರವರೆಗೆ ಪಕ್ಕದಲ್ಲಿ ಒಬ್ಬರು ಇದ್ದರು, ಈಗ ಇಲ್ಲ. ಸೀರಿಯಲ್ ಬಿಡಿ, ಆ ಅರ್ಧ ಗಂಟೆ ಬಿಡಬೇಡಿ. ನೀವೂ ಒಂದು ಮೊರ ಅವರೆಕಾಯಿ ಇಟ್ಟುಕೊಂಡು ಕೂತುಕೊಳ್ಳಿ. ಟಿವಿಗೆ ಬೆನ್ನು ಹಾಕಿದರೂ ಪರವಾಗಿಲ್ಲ. ಕಿವಿಗೆ ಬಿದ್ದಷ್ಟು ಬೀಳಲಿ.

ಪಕ್ಕದ ಮನೆಯವರಿಗೆ ಕ್ಷಮೆ ಕೇಳಲು ಉದ್ದ ಮಾತು ಬೇಡ. ಮುಂದಿನ ಮೀಟಿಂಗಿನಲ್ಲಿ ಹತ್ತಿರ ಹೋಗಿ ಕೂತು, "ಅವತ್ತು ನಾನು ಹಾಗನ್ನಬಾರದಿತ್ತು. ನಾನು ಬಿಟ್ಟ ಮೇಲೆ ಏನಾಯ್ತು ಹೇಳಿ" ಅಂತ ಕೇಳಿ. ಮೊದಲ ನಿಮಿಷ ಬಿಗಿಯಾಗಿರುತ್ತಾರೆ. ಆಮೇಲೆ ಹೇಳದೇ ಇರಲು ಆಗುವುದಿಲ್ಲ. ಮೂರು ತಿಂಗಳ ಕಥೆಯನ್ನು ಎರಡು ನಿಮಿಷದಲ್ಲಿ ಮುಗಿಸಿದರೆ, ನೀವು ಬಿಟ್ಟದ್ದು ಸರಿಯಾಗಿತ್ತು ಅಂತ ಮನಸ್ಸಿನಲ್ಲೇ ಅಂದುಕೊಳ್ಳಿ. ಬಾಯಿ ಬಿಟ್ಟು ಹೇಳಬೇಡಿ, ದಯವಿಟ್ಟು.

ಕೊನೆಯದಾಗಿ ನಿಮ್ಮ ಸಣ್ಣ ಪ್ರಶ್ನೆ. ಆ ತಂಡದಲ್ಲಿ ನಾನಿಲ್ಲ, ಅವರ ಕಥೆ ನನಗೆ ಹೇಳಿದವರೂ ಇಲ್ಲ. ಆದರೆ ಎರಡು ಸಲ ನೆನಪು ಕಳೆದು, ಎರಡು ಸಲ ವಾಪಸ್ ತಂದ ಅನುಭವದ ಮೇಲೆ ಹೇಳುತ್ತೇನೆ. ಬರುತ್ತದೆ. ಸುಮ್ನೆ ಒಂದು ಮಂಗಳವಾರ ಬರುವುದಿಲ್ಲ, ಹಬ್ಬದ ವಾರ ಬರುತ್ತದೆ, ಒಂದು ಗಂಟೆಯ ಮಹಾಸಂಚಿಕೆಯಲ್ಲಿ. ದೀಪಾವಳಿ ಹತ್ತಿರ ಬಂದಾಗ, ಇಲ್ಲಿ ನಮ್ಮ ಹಾಸನಾಂಬೆಯ ಬಾಗಿಲು ತೆರೆಯುವ ಗುರುವಾರದ ಆಸುಪಾಸಿನಲ್ಲಿ, ಪ್ರೋಮೋ ಕಡೆ ಒಂದು ಕಿವಿ ಇಟ್ಟಿರಿ.